ಕೊರಳಿಗೆ ರೇಡಿಯೋ ಕಟ್ಟಿಕೊಂಡ ಆಡುಗಳು

ರೇಡಿಯೋ ರಿಪೇರಿ ಮಾಡುವವನ ಹಣೆಯಲ್ಲಿ ದಿನಕ್ಕೊಮ್ಮೆಯಾದರೂ ಬೆಚ್ಚಿಬೀಳುವುದು ಬರೆದೇ ಇರುತ್ತದೆ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಹಲ್ಲಿ ಸಂಸಾರ ಹೂಡಿರುತ್ತದೆ. ಒಮ್ಮೆ ನಿವೃತ್ತ ಅಮಲ್ದಾರರೊಬ್ಬರ ಸೆಟ್ಟಿನೊಳಗೆ ಅವರ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಅಲ್ಲಿಗೆ ಹೇಗೆ ಹೋಯಿತೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದರೆ ಇಂಥ ಬೆಚ್ಚುವಿಕೆಗಳನ್ನೆಲ್ಲ ಒಟ್ಟು ಹಾಕಿದರೂ ಆ ಒಂದು ಚಳಿಗಾಲದಲ್ಲಿ ನಾನು ಪಟ್ಟ ಆಘಾತಗಳಿಗೆ ಸಮನಾಗುವುದಿಲ್ಲ. ಗಡಿಯಲ್ಲಿ ಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ಮನೆ ಕುಂಬಾರಕೊಪ್ಪಲಿನಲ್ಲಿ, ಅಂಗಡಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ವಾಲ್ವಿನ ಸೆಟ್ಟುಗಳ ಕಾಲ ಮುಗಿದು ಟ್ರಾನ್ಸಿಸ್ಟರ್ ಬರತೊಡಗಿತ್ತು. ನನ್ನ ಬಾಳಿನೊಳಗೆ ಆಡುಗಳೂ ಬಂದವು.

೧. ಅಳತೆ

ಒಂದು ಬೆಳಿಗ್ಗೆ ಕೋಟು ತೊಟ್ಟ, ದಪ್ಪ ಕನ್ನಡಕದ ಒಬ್ಬರು ಅಂಗಡಿಗೆ ಬಂದು ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಊರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ಡಾಕ್ಟರು. ಹೊರದೇಶದಲ್ಲಿ ಓದಿ ಆಗಷ್ಟೇ ಬಂದಿದ್ದರು.

"ಕೊರಳಿನ ಸುತ್ತಳತೆ ಹದಿನಾಲ್ಕು ಅಂಗುಲ. ಅದಕ್ಕೆ ಹೊಂದುವ ಒಂದು ಪುಟ್ಟ ರೇಡಿಯೋ ಬೇಕು. ಭಾರ ಇರಬಾರದು, ನೆನೆದರೆ ಕೆಡಬಾರದು, ಮಲಗಿದಾಗ ಒತ್ತಬಾರದು" ಎಂದರು.

ಹೆಂಡತಿಯ ಮೇಲೆ ಇಷ್ಟು ಅಕ್ಕರೆ ಇರುವ ಗಂಡಸನ್ನು ನಾನು ಮೈಸೂರಿನಲ್ಲಿ ನೋಡಿರಲಿಲ್ಲ. "ಮನೆಯವರಿಗಾ ಸಾರ್?" ಎಂದೆ.

"ಅಲ್ಲ, ಆಡಿಗೆ."

ನಮ್ಮ ಕಡೆ ಅರ್ಧ ಜನ 'ಹ'ಕಾರವನ್ನು ನುಂಗಿಯೇ ಮಾತಾಡುವುದು. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. "ಹಾಡಿಗೇ ಅಲ್ವಾ ಸಾರ್ ರೇಡಿಯೋ ಇರೋದು? ಭಕ್ತಿಗೀತೆಯೋ, ಚಿತ್ರಗೀತೆಯೋ?" ಎಂದೆ.

"ಹಾಡಲ್ಲರೀ, ಆಡು. ಮ್ಯಾ ಅನ್ನುತ್ತಲ್ಲ, ಅದು."

ನಾನು ಕೂತಲ್ಲೇ ಕೂತುಬಿಟ್ಟೆ. ಡಾಕ್ಟರು ಸಾವಧಾನವಾಗಿ ವಿವರಿಸಿದರು. ಬೋಗಾದಿ ದಾಟಿ ಇನ್ನಷ್ಟು ದೂರ ಹೋದರೆ ಒಂದು ಹಳ್ಳಿ, ಅದಕ್ಕೊಂದು ವಿಶಾಲವಾದ ಗೋಮಾಳ. ಅಲ್ಲಿ ಮೇಯುವ ಊರ ಆಡುಗಳು ಒಂದೊಂದಾಗಿ ಕಾಣೆಯಾಗುತ್ತಿವೆ. ತೋಳ ಅನ್ನುವವರು ಕೆಲವರು, ಚಿರತೆ ಅನ್ನುವವರು ಕೆಲವರು. ಯಾವುದೆಂದು ಕಣ್ಣಲ್ಲಿ ಕಂಡವರಿಲ್ಲ. ಆಡಿನ ಕೊರಳಿಗೆ ಸದ್ದು ಕಳಿಸುವ ಪೆಟ್ಟಿಗೆ ಕಟ್ಟಿದರೆ, ಅದನ್ನು ಏನು ಹೊತ್ತುಕೊಂಡು ಹೋಯಿತು, ಎಲ್ಲಿಗೆ ಹೋಯಿತು ಎಂದು ದೂರದಿಂದಲೇ ತಿಳಿಯಬಹುದು. ಅದೇ ಅವರ ಸಂಶೋಧನೆ.

ಆ ವಾರವೇ ಅವರ ಜೊತೆ ಹಳ್ಳಿಗೆ ಹೋದೆ. ಅಲ್ಲಿ ತಿಳಿದ ಇನ್ನೊಂದು ಸಂಗತಿ ಡಾಕ್ಟರ ಚೀಟಿಯಲ್ಲಿ ಇರಲಿಲ್ಲ. ಊರಿನವರ ಆಡುಗಳನ್ನೆಲ್ಲ ಒಟ್ಟಿಗೆ ಹೊಡೆದುಕೊಂಡು ಹೋಗಿ ಮೇಯಿಸುವವರು ಒಬ್ಬ ಮುದುಕ, ಎಲ್ಲರ ಬಾಯಲ್ಲೂ ಮಂದೆ ತಾತ. ಊರಿನ ಯಜಮಾನರು ಮಾತ್ರ ತೋಳವನ್ನೂ ನಂಬಿರಲಿಲ್ಲ, ಚಿರತೆಯನ್ನೂ ನಂಬಿರಲಿಲ್ಲ. ಮಂದೆ ತಾತನೇ ಆಡುಗಳನ್ನು ಸಂತೆಗೆ ಸಾಗಿಸುತ್ತಿದ್ದಾನೆ ಎಂಬುದು ಅವರ ಮಾತು. ಯುಗಾದಿಯ ಮರುದಿನ, ಹೊಸತೊಡಕಿಗೆ ಊರು ಸೇರುತ್ತದೆ. ಅಷ್ಟರೊಳಗೆ ಕಳ್ಳ ಯಾರೆಂದು ಗೊತ್ತಾಗದಿದ್ದರೆ ತಾತ ಕೋಲು ಕೆಳಗಿಟ್ಟು ಹೋಗಬೇಕು.

"ಹುಟ್ಟಿದಾಗಿಂದ ಈ ಕೋಲು ಹಿಡಿದೋನು ಸ್ವಾಮಿ ನಾನು. ಇದು ಹೋದ್ರೆ ಹೋಗ್ಲಿ, ಕಳ್ಳ ಅನ್ನಿಸ್ಕೊಂಡು ಹೋಗ್ಬಾರ್ದು" ಎಂದರು ತಾತ. ಆಮೇಲೆ ಮಾದರಿಗೆಂದು ನಾನು ಮಾಡಿಕೊಂಡು ಹೋಗಿದ್ದ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಸಾಕ್ಷಿ ಹೇಳ್ತದಾ?" ಎಂದು ಕೇಳಿದರು.

ಹೇಳುತ್ತದೆ ಎಂದೆ. ನನ್ನ ಜೀವಮಾನದಲ್ಲಿ ಯಾವ ರೇಡಿಯೋದ ಬಗ್ಗೆಯೂ ಅಷ್ಟು ಧೈರ್ಯವಾಗಿ ಮಾತು ಕೊಟ್ಟವನಲ್ಲ ನಾನು.

೨. ರೇಡಿಯೋ ಆಡು

ಎಂಟು ಪೆಟ್ಟಿಗೆ ತಯಾರಾದವು. ಕಿವುಡರ ಯಂತ್ರಕ್ಕೆ ಹಾಕುವ ಬ್ಯಾಟರಿ, ಮೇಲೆ ಮೇಣ, ಸುತ್ತ ಕೆಂಪು ಚರ್ಮದ ಪಟ್ಟಿ. ದೂರದಿಂದ ಕಣ್ಣಿಗೆ ಬೀಳಲಿ ಎಂದು ಕೆಂಪು ಆರಿಸಿದ್ದು ನಾನೇ. ಈ ಕೆಂಪಿನ ಫಲವನ್ನು ಮುಂದೆ ಹೇಳುತ್ತೇನೆ.

ಕಟ್ಟುವ ದಿನ ಊರಿನವರು ತಮ್ಮ ತಮ್ಮ ಆಡುಗಳನ್ನು ಗುರುತಿಸಿಕೊಡಬೇಕಿತ್ತು. ಹಾಗಾಗಿ ಹಿಂದಿನ ದಿನ ತಮಟೆ ಹೊಡೆಸಿದರು. ತಮಟೆಯವನು ಬೀದಿ ಬೀದಿ ಸಾರಿದ: "ನಾಳೀಕೆ ಗೋಮಾಳದಾಗೆ ರೇಡಿಯೋ ಆಡು, ಎಲ್ಲಾರೂ ಬರಬೇಕ್ರಪ್ಪಾ."

ಬೆಳಿಗ್ಗೆ ನಾವು ಹೋಗಿ ನೋಡಿದರೆ ಗೋಮಾಳದಲ್ಲಿ ಕಾಲಿಡಲು ಜಾಗವಿಲ್ಲ. ಚಾಪೆ ಹಾಸಿಕೊಂಡು ಸಾಲಾಗಿ ಕೂತಿದ್ದಾರೆ. ಹುರಿದ ಕಡಲೆಕಾಯಿ, ಬುತ್ತಿ, ಕೂಸು ಕುನ್ನಿ ಎಲ್ಲವೂ ಬಂದಿದೆ. ಪಕ್ಕದ ಊರಿನಿಂದ ಎರಡು ಗಾಡಿ. ಡಾಕ್ಟರು ವಿಜ್ಞಾನದ ಮೇಲೆ ಹಳ್ಳಿಗರಿಗೆ ಇಷ್ಟು ಆಸಕ್ತಿಯೇ ಎಂದು ಕಣ್ಣು ತುಂಬಿಕೊಂಡರು.

ಎಂಟೂ ಆಡಿಗೆ ಪಟ್ಟಿ ಕಟ್ಟಿದ್ದಾಯಿತು. ಜನ ಕಾದರು. ಆಡುಗಳು ಮೇಯತೊಡಗಿದವು. ಕೊನೆಗೆ ಒಬ್ಬ ಹಿರಿಯ ಎದ್ದು ಕೈಮುಗಿದು ಕೇಳಿದ: "ಸ್ವಾಮಿ, ವಾರ್ತೆ ಬರೋದು ಯಾವ್ದರಲ್ಲಿ, ಚಿತ್ರಗೀತೆ ಬರೋದು ಯಾವ್ದರಲ್ಲಿ? ಹೆಂಗಸ್ರು ಆ ಕಡೆ ಕೂತ್ಕೋತಾರೆ."

ತಮಟೆಯವನ 'ಆಡು' ಊರಿಗೆ ಹೇಗೆ ಕೇಳಿಸಿತ್ತೆಂದು ಆಗ ನಮಗೆ ಅರ್ಥವಾಯಿತು. ಡಾಕ್ಟರ ಮುಖ ಒಣಗಿಹೋಯಿತು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ನಾನು ಆ ಪೆಟ್ಟಿಗೆಗಳ ಸದ್ದು ಹಿಡಿಯುವ ನನ್ನ ಸೆಟ್ಟಿಗೆ ಸ್ಪೀಕರ್ ಸಿಕ್ಕಿಸಿ ಕೇಳಿಸಿದೆ. ಟಿಕ್, ಟಿಕ್, ಟಿಕ್. ಅಷ್ಟೇ.

"ಇದು ಹಾಡೋ ರೇಡಿಯೋ ಅಲ್ಲಮ್ಮ. ಸದ್ದು ಕಳಿಸುತ್ತೆ ಅಷ್ಟೇ. ಇದು ಆಡುತ್ತೆ, ನಾವು ಹೇಳೋದನ್ನ ಕೇಳಲ್ಲ" ಎಂದು ಡಾಕ್ಟರು ಮುಂದಿನ ಸಾಲಿನ ಹೆಂಗಸಿಗೆ ತಿಳಿಹೇಳಿದರು.

ಆಕೆ ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, "ಗೊತ್ತಾಯ್ತು ಬುಡ್ರವ್ವ. ನಮ್ಮ ಯಜಮಾನ್ರು ಇದ್ದಂಗೆ" ಎಂದಳು. ಅವಳ ಗಂಡ ಹಿಂದೆಯೇ ಕೂತಿದ್ದ.

೩. ಸೆಟ್ಟು ಇಡುವ ಸ್ಥಳ

ಆಗಿನ ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟವರೆಲ್ಲ ಲೈಸೆನ್ಸು ಮಾಡಿಸಬೇಕಿತ್ತು. ಅದನ್ನು ತಪಾಸಣೆ ಮಾಡುವ ಒಬ್ಬರು ನನ್ನ ಅಂಗಡಿಗೆ ಆಗಾಗ ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಒಂದು ದಿನ ಕಾಫಿ ಬೇಡವೆಂದರು.

"ಏನ್ರೀ, ಬೋಗಾದಿ ಆಚೆ ಎಂಟು ಸೆಟ್ಟು ಲೈಸೆನ್ಸಿಲ್ಲದೆ ಓಡಾಡ್ತಾ ಇವೆಯಂತೆ. ಎಲ್ಲಾ ನಿಮ್ಮ ಕೈಯ ಮಾಲೇ ಅಂತೆ."

ಅವು ವಾರ್ತೆ ಕೇಳುವ ಸೆಟ್ಟಲ್ಲ, ಅದಕ್ಕೆ ಬೇಕಾದ ಅಪ್ಪಣೆಯನ್ನು ಡಾಕ್ಟರು ಮೇಲಿನಿಂದಲೇ ತಂದಿದ್ದಾರೆ ಎಂದು ಹೇಳಿದೆ. ಕೇಳಲಿಲ್ಲ. ರೇಡಿಯೋ ಅಂದಮೇಲೆ ರೇಡಿಯೋ, ಫಾರಂ ತುಂಬಿ ಎಂದರು. ಅವರೇ ಪೆನ್ನು ತೆಗೆದು ಕೂತರು.

"ಏರಿಯಲ್ ನೆಲದಿಂದ ಎಷ್ಟು ಎತ್ತರ?"

"ನಿಂತಾಗ ಎರಡಡಿ. ಮಲಗಿದಾಗ ಒಂದಡಿ."

"ಒಂದೂವರೆ ಅಂತ ಹಾಕ್ತೀನಿ. ಸೆಟ್ಟನ್ನ ಸಾರ್ವಜನಿಕ ಜಾಗದಲ್ಲಿ ಹಾಕ್ತಾರೋ, ಖಾಸಗಿಯೋ?"

"ಅದಕ್ಕೆ ಎಲ್ಲಿ ಸೊಪ್ಪು ಕಾಣುತ್ತೋ ಅಲ್ಲಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ತಮಾಷೆ ಬೇಡ. ಸೆಟ್ಟು ಇಡುವ ಸ್ಥಳ?"

"ಗೋಮಾಳ."

"ಗೋಮಾಳ ಅಂದ್ರೆ ಅಷ್ಟು ದೊಡ್ಡದಿದೆ. ಅದರಲ್ಲಿ ಎಲ್ಲಿ?"

"ಅದನ್ನ ಕಂಡುಹಿಡಿಯೋಕೇ ಸ್ವಾಮಿ ಸೆಟ್ಟು ಕಟ್ಟಿರೋದು."

ಪೆನ್ನಿನ ಮುಚ್ಚಳ ಹಾಕಿದರು. ಫಾರಂ ಮಡಿಸಿ ಜೇಬಿಗೆ ಹಾಕಿಕೊಂಡು, "ಕಾಫಿ ಹೇಳಿ" ಎಂದರು.

೪. ಸಂಕೇತ ಭಾಷೆ

ತಿಂಗಳಾದ ಮೇಲೆ ಒಂದು ಆಡಿನ ಸದ್ದು ಗೋಮಾಳದಲ್ಲಿ ನಿಂತುಹೋಯಿತು. ಡಾಕ್ಟರು ಸಂಭ್ರಮಪಟ್ಟರು. ಅಂತೂ ಒಂದು ಕಾಣೆಯಾಯಿತಲ್ಲ, ಇನ್ನು ತೋಳವೋ ಚಿರತೆಯೋ ತಿಳಿದುಹೋಗುತ್ತದೆ ಎಂದು ನನ್ನನ್ನು ಹುಡುಕಲು ಅಟ್ಟಿದರು. ನಾನು ಸೈಕಲ್ ಹತ್ತಿ, ಬೆನ್ನಿಗೆ ಸೆಟ್ಟು ಕಟ್ಟಿ, ಕೈಯಲ್ಲಿ ಮೀನಿನ ಮೂಳೆಯ ಆಕಾರದ ಏರಿಯಲ್ ಹಿಡಿದು, ಸಿಕ್ಕ ದಿಬ್ಬವನ್ನೆಲ್ಲ ಹತ್ತಿ ಇಳಿಯುತ್ತ ಬಂದೆ. ಸದ್ದು ಪೇಟೆಯ ಕಡೆಯಿಂದ ಬರುತ್ತಿತ್ತು. ಚಿರತೆಯೇ ಪೇಟೆಗೆ ಬಂದಿದೆಯೆಂದುಕೊಂಡೆ.

ಕೊನೆಯ ದಿಬ್ಬದ ಮೇಲೆ ಕಿವಿಗೆ ಫೋನು ಹಾಕಿಕೊಂಡು ಏರಿಯಲ್ ತಿರುಗಿಸುತ್ತಿದ್ದಾಗ ಯಾರೋ ಹೆಗಲ ಮೇಲೆ ಕೈ ಹಾಕಿದರು. ನೋಡಿದರೆ ಪೊಲೀಸ್ ದಫೇದಾರರು, ಅವರ ಹಿಂದೆ ಇಪ್ಪತ್ತು ಜನ. ಆ ದಿನಗಳಲ್ಲಿ ಕತ್ತಿನಲ್ಲಿ ದುರ್ಬೀನು ಕಂಡರೂ ಜನ ಶತ್ರುವಿನ ಗೂಢಚಾರ ಎನ್ನುತ್ತಿದ್ದರು. ನನ್ನ ಹತ್ತಿರವಂತೂ ಪೂರ್ತಿ ಸರಂಜಾಮೇ ಇತ್ತು. ಠಾಣೆಗೆ ಕರೆದುಕೊಂಡು ಹೋಗಿ ಕೂರಿಸಿದರು.

"ಕಿವಿಗೆ ಹಾಕ್ಕೊಂಡು ಏನ್ ಕೇಳ್ತಿದ್ದೆ?"

"ಆಡು ಸಾರ್."

"ಯಾವ ಆಡು? ಕನ್ನಡದ್ದೋ, ಹಿಂದೀದೋ?"

"ಹಾಡಲ್ಲ ಸಾರ್. ಆಡು."

"ಅದೇ ಕಣಯ್ಯ, ಯಾವ ಆಡು ಅಂತ ಕೇಳ್ತಿರೋದು."

ಮೂರು ಸಲ ಹೀಗೇ ಆಯಿತು. ದಫೇದಾರರು ಪುಸ್ತಕ ತೆಗೆದು ಬರೆದುಕೊಂಡರು. ನಾನು ಬಗ್ಗಿ ನೋಡಿದೆ. 'ಆರೋಪಿಯು ಸಂಕೇತ ಭಾಷೆಯಲ್ಲಿ ಮಾತನಾಡುತ್ತಾನೆ' ಎಂದಿತ್ತು. ನನ್ನ ಹೆಂಡತಿ ಬುತ್ತಿ ಹಿಡಿದು ಜೈಲಿನ ಬಾಗಿಲಲ್ಲಿ ನಿಂತದ್ದೂ ಕಣ್ಣ ಮುಂದೆ ಬಂದುಹೋಯಿತು.

ಕೈಮುಗಿದು, ಬೇಕಾದರೆ ನೀವೇ ಕೇಳಿ ಎಂದು ಸ್ಪೀಕರ್ ಹಾಕಿದೆ. ಟಿಕ್ ಟಿಕ್ ಸದ್ದು ಕೋಣೆಯ ತುಂಬ ಹೊಡೆಯತೊಡಗಿತು. ಗೋಮಾಳದಲ್ಲಿ ಪಕ್ಕದಲ್ಲೇ ನಿಂತ ಆಡಿನಿಂದಲೂ ಅಷ್ಟು ಜೋರಾಗಿ ಬಂದಿರಲಿಲ್ಲ. ಏರಿಯಲ್ ಹಿಡಿದು ಹೋದರೆ ಸದ್ದು ಹಿತ್ತಲ ಬಾಗಿಲಿನ ಆಚೆ. ಬಾಗಿಲು ತೆಗೆದರು. ನುಗ್ಗೆಮರಕ್ಕೆ ನಮ್ಮ ಆಡು ಕಟ್ಟಿಹಾಕಿಸಿಕೊಂಡು ನಿಂತಿತ್ತು. ಅದು ಮೇಯುತ್ತಾ ಮೇಯುತ್ತಾ ಪೇಟೆ ಸೇರಿ, ಯಾವುದೋ ಬಂಗಲೆಯ ತೋಟದ ಡೇಲಿಯಾ ಹೂವೆಲ್ಲ ತಿಂದು, ನನಗಿಂತ ಒಂದು ಗಂಟೆ ಮೊದಲೇ ಠಾಣೆಗೆ ಬಂದಿತ್ತು.

ದಫೇದಾರರು ಒಮ್ಮೆ ಅದರ ಕೊರಳಿನ ಪೆಟ್ಟಿಗೆ ನೋಡಿದರು, ಒಮ್ಮೆ ನನ್ನ ಬೆನ್ನಿನ ಪೆಟ್ಟಿಗೆ ನೋಡಿದರು. "ಇಬ್ರೂ ಒಂದೇ ಗ್ಯಾಂಗು. ಮೊದಲೇ ಹೇಳಿದ್ರೆ ಒಟ್ಟಿಗೇ ಕಟ್ಟಿಹಾಕ್ತಿದ್ದೆ" ಎಂದು ಬಿಟ್ಟು ಕಳಿಸಿದರು.

೫. ಅಮ್ಮನವರ ಟಿಕ್ ಟಿಕ್

ಅಷ್ಟರಲ್ಲಿ ಡಾಕ್ಟರ ಮುಖ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಊರಿನಲ್ಲಿ ಮತ್ತೆ ಮೂರು ಆಡು ಕಾಣೆಯಾಗಿದ್ದವು. ಮೂರಕ್ಕೂ ಪಟ್ಟಿ ಇರಲಿಲ್ಲ. ಪಟ್ಟಿ ಕಟ್ಟಿದ ಎಂಟಕ್ಕೆ ಮಾತ್ರ ಒಂದು ಕೂದಲೂ ಕೊಂಕಿರಲಿಲ್ಲ. ಅವುಗಳಿಂದ ಬಿಚ್ಚಿ ಬೇರೆ ಎಂಟಕ್ಕೆ ಕಟ್ಟಿದರು. ಬಿಚ್ಚಿಸಿಕೊಂಡವುಗಳಲ್ಲಿ ಒಂದು ಆ ವಾರವೇ ಮಾಯ. ಕಟ್ಟಿಸಿಕೊಂಡವು ಸುಖವಾಗಿದ್ದವು.

"ಒಂದಾದರೂ ಸಾಯಬಾರದೇನ್ರೀ" ಎಂದು ಡಾಕ್ಟರು ನನ್ನ ಅಂಗಡಿಯಲ್ಲಿ ಕೂತು ನಿಟ್ಟುಸಿರು ಬಿಟ್ಟಾಗ ನಾನು ಕೈಲಿದ್ದ ಬೆಸುಗೆ ಕಡ್ಡಿ ಬೀಳಿಸಿದೆ. ಇಷ್ಟು ಓದಿದವರ ಬಾಯಲ್ಲಿ ಇಂಥ ಮಾತು ಬರಬಹುದೆಂದು ನಾನು ಎಣಿಸಿರಲಿಲ್ಲ.

ಗುಟ್ಟು ಬಿಚ್ಚಿದ್ದು ಮಂದೆ ತಾತ. ನನ್ನನ್ನು ಪಕ್ಕಕ್ಕೆ ಕರೆದು ಒಂದು ಆಡಿನ ಹಣೆ ತೋರಿಸಿದರು. ಅರಿಸಿನ, ಕುಂಕುಮ. ಇನ್ನೊಂದರದೂ ಹಾಗೇ. ಒಂದರ ಕೊಂಬಿಗೆ ಮಲ್ಲಿಗೆ ದಂಡೆ.

"ನಮ್ಮೂರಲ್ಲಿ ಮಾರವ್ವಂಗೆ ಅರಕೆ ಬುಟ್ಟ ಆಡಿಗೆ ಕೊರಳಿಗೆ ಕೆಂಪು ಕಟ್ತೀವಿ ಸ್ವಾಮಿ. ಅದುನ್ನ ಯಾರೂ ಮುಟ್ಟಂಗಿಲ್ಲ. ಮುಟ್ಟುದ್ರೆ ಅವ್ವ ಸುಮ್ನೆ ಬುಡ್ತಾಳಾ? ನಿಮ್ಮ ಪೆಟ್ಗೆ ಬೇರೆ ಒಳಗೇ ಗುಣುಗುಡ್ತದಂತೆ. ಅವ್ವನೇ ಮಾತಾಡ್ತವ್ಳೆ ಅಂತ ಊರೆಲ್ಲ ಆಗದೆ."

ನಾನು ಕಟ್ಟಿಸಿದ ಕೆಂಪು ಪಟ್ಟಿ. ಆ ಕ್ಷಣ ನನಗೆ ಡಾಕ್ಟರ ಮುಖ ನೆನೆದು ನಿಜವಾಗಿಯೂ ದುಃಖವಾಯಿತು. ಅವರ ಎರಡು ತಿಂಗಳ ಸಂಶೋಧನೆಯನ್ನು ಒಂದು ಗಜ ಚರ್ಮದಲ್ಲಿ ಮುಗಿಸಿದ್ದೆ. ಆದರೆ ತಾತ ದುಃಖದಲ್ಲಿರಲಿಲ್ಲ. ತೋಳಕ್ಕೆ ಕುಂಕುಮದ ಭಯ ಇಲ್ಲ, ಚಿರತೆಗೂ ಇಲ್ಲ. ಅಂದರೆ ಒಯ್ಯುತ್ತಿರುವುದು ಎರಡು ಕಾಲಿನದು ಎಂದು ಅವರು ಆಗಲೇ ಲೆಕ್ಕ ಹಾಕಿಕೊಂಡಿದ್ದರು.

"ಇನ್ನೊಂದು ಐವತ್ತು ಪೆಟ್ಗೆ ಮಾಡ್ಕೊಡಿ ಸ್ವಾಮಿ. ಒಳಗೇನೂ ಇಲ್ದಿದ್ರೂ ಆಯ್ತದೆ" ಎಂದರು.

ನಶ್ಯದ ಖಾಲಿ ಡಬ್ಬಿಗಳಿಗೆ ಕೆಂಪು ಬಟ್ಟೆ ಸುತ್ತಿ ಮಾಡಿಕೊಟ್ಟೆ. ಇಡೀ ಮಂದೆಗೆ ಕಟ್ಟಿದ್ದಾಯಿತು. ಅಂದಿನಿಂದ ಒಂದು ಆಡೂ ಕಾಣೆಯಾಗಲಿಲ್ಲ. ಒಂದೇ ತೊಂದರೆ, ಆಡುಗಳೆಲ್ಲ ದಿನವಿಡೀ ಸೀನುತ್ತಿದ್ದವು. ಡಬ್ಬಿಗಳನ್ನು ತೊಳೆಯುವುದು ಮರೆತಿದ್ದೆ.

೬. ಹೊಸತೊಡಕು

ಯುಗಾದಿಯ ಮರುದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೇ ಆ ದಿನ ಬಡವರ ಮನೆಯಲ್ಲೂ ಬಾಡೂಟ. ಊರ ಕೆಲಸಗಳನ್ನು ಹಂಚುವುದೂ ಅಂದೇ. ಬೆಳಿಗ್ಗೆ ಊರಿನವರೆಲ್ಲ ಚಾವಡಿಯ ಮುಂದೆ ಸೇರಿದರು. ಯಜಮಾನರು ಮೇಲೆ ಕೂತರು. ಡಾಕ್ಟರೂ ನಾನೂ ಪಕ್ಕದ ಬೆಂಚಿನ ಮೇಲೆ. ಮಂದೆ ತಾತ ಕೋಲು ಹಿಡಿದು ನಿಂತಿದ್ದರು.

ಡಾಕ್ಟರು ಎದ್ದು, ಎಲ್ಲ ಆಡುಗಳಿಗೂ ಪಟ್ಟಿ ಕಟ್ಟಿದ ಮೇಲೆ ಒಂದೂ ಕಳೆದಿಲ್ಲ, ಆದ್ದರಿಂದ ತಾತನ ಮೇಲೆ ತಪ್ಪು ಹೊರಿಸಲು ಆಧಾರವಿಲ್ಲ ಎಂದರು. ಇಷ್ಟಕ್ಕೆ ಮುಗಿಯಿತೆಂದು ನಾನು ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

ಯಜಮಾನರು ಮೀಸೆ ಸವರಿದರು. "ಡಾಕ್ಟರೇ, ನೀವು ದೊಡ್ಡೋರು. ನೀವೇ ಯೋಚ್ನೆ ಮಾಡಿ. ಆಡು ಕಳೆಯೋದು ನಿಂತೋಯ್ತು ಅಂದ್ರೇನು? ಕದಿಯೋನು ಎದರ್ಕೊಂಡ ಅಂತ. ಈ ಪಟ್ಟಿನ ದಿನಾ ಹತ್ತಿರದಿಂದ ನೋಡಿ ಎದರ್ಕೊಂಡೋನು ಯಾರು? ಮಂದೆ ಕಾಯೋನೇ. ಇನ್ನೇನು ಸಾಕ್ಷಿ ಬೇಕು?"

ಜನ ತಲೆದೂಗಿದರು. ಮಾತು ಎಷ್ಟು ನುಣುಪಾಗಿತ್ತೆಂದರೆ ಒಂದು ಗಳಿಗೆ ನನಗೂ ಹೌದಲ್ಲ ಅನ್ನಿಸಿತು. ಡಾಕ್ಟರಿಗೆ ಹೊರದೇಶದಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಮಂದೆ ತಾತ ನಾಲ್ಕು ಹೆಜ್ಜೆ ಮುಂದೆ ಬಂದು ಬಗ್ಗಿ ಕೋಲನ್ನು ಚಾವಡಿಯ ಮೆಟ್ಟಿಲ ಮೇಲೆ ಇಟ್ಟರು. ಸಾಕ್ಷಿ ಹೇಳುತ್ತದೆ ಎಂದು ಮಾತು ಕೊಟ್ಟಿದ್ದವನು ನಾನು. ನೆಲ ನೋಡುತ್ತಾ ಕೂತೆ, ಅವರ ಮುಖ ನೋಡಲಾಗಲಿಲ್ಲ.

ಆಗ ಹೆಂಗಸರ ಕಡೆಯಿಂದ ಒಬ್ಬ ಹಣ್ಣು ಹಣ್ಣು ಮುದುಕಿ, ಸೊಸೆಯ ಭುಜ ಹಿಡಿದು ನಿಧಾನವಾಗಿ ಡಾಕ್ಟರ ಹತ್ತಿರ ಬಂದಳು. ಯಜಮಾನರ ತಾಯಿ. ಕಿವಿ ಅಷ್ಟಾಗಿ ಕೇಳದು, ಹಾಗಾಗಿ ಅಲ್ಲಿಯವರೆಗೆ ನಡೆದದ್ದು ಆಕೆಗೆ ಗೊತ್ತಿರಲಿಲ್ಲ. ದೊಡ್ಡ ದನಿಯಲ್ಲೇ ಕೇಳಿದಳು: "ನೀನೇ ಏನಪ್ಪ ಡಾಕ್ಟ್ರು? ಈ ಕೆಂಪು ಡಬ್ಬಿ ಯಾವಾಗ ಬಿಚ್ತೀಯಪ್ಪ?"

"ಯಾಕಜ್ಜಿ?" ಎಂದರು ಡಾಕ್ಟರು.

"ಯಾಕೆ ಅಂತೀಯಲ್ಲ. ವಾರ ವಾರ ಬಾಡು ಬೇಯ್ತಿದ್ದ ಮನೆ ಕಣಪ್ಪ ನಮ್ದು. ಮದ್ಯಾನ ನಮ್ಮ ಇತ್ತಲಿಗೆ ಆಡು ನುಗ್ಗೋವು, ನನ್ ಮಗ ಇಡ್ಕೊಳೋನು. ಈಗ ಕೇಳುದ್ರೆ, ಎಲ್ಲಾನೂ ಅವ್ವಂಗೆ ಬುಟ್ಬುಟ್ಟವ್ರೆ ಕಣವ್ವ, ಮುಟ್ಟಂಗಿಲ್ಲ ಅಂತಾನೆ. ಇವತ್ತು ಒಸ್ತೊಡಕು. ಊರೋರ್ ಮನೇಲೆಲ್ಲ ಬಾಡು, ನಮ್ಮನೇಲಿ ಸೊಪ್ಪಿನ ಸಾರು. ವರ್ಸೆಲ್ಲ ಸೊಪ್ಪೇ ತಿನ್ನಬೇಕಾ ನಾನು?"

ಇನ್ನೂರು ಜನ ಒಟ್ಟಿಗೆ ಯಜಮಾನರ ಕಡೆ ತಿರುಗಿದರು. ಅವರ ಕೈ ಮೀಸೆಯ ಮೇಲೆಯೇ ನಿಂತುಹೋಗಿತ್ತು. ಹಿಂದಿನಿಂದ ಯಾರೋ ಮೆಟ್ಟಿಲ ಮೇಲಿನ ಕೋಲನ್ನು ಎತ್ತಿ ಮಂದೆ ತಾತನ ಕೈಗೆ ಕೊಟ್ಟರು. ತಾತ ಅದನ್ನು ಎರಡು ಕೈಯಲ್ಲೂ ಹಿಡಿದು ಎದೆಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ.

ಅಳದೆ ಇದ್ದವರು ಡಾಕ್ಟರೊಬ್ಬರೇ. ಇಷ್ಟು ದಿನದಿಂದ ಹುಡುಕಿದ ಪ್ರಾಣಿ ಅವರಿಗೆ ಕೊನೆಗೂ ಸಿಕ್ಕಿತ್ತು. ತಕ್ಷಣ ನೋಟ್ ಪುಸ್ತಕ ತೆರೆದು, ಪೆನ್ಸಿಲ್ ಚೂಪು ಮಾಡಿ, ಮುದುಕಿಯ ಕಿವಿಯ ಹತ್ತಿರ ಬಗ್ಗಿ, "ಒಟ್ಟು ಎಷ್ಟು ಆಡು ಅಜ್ಜಿ? ನೆನಪು ಮಾಡಿಕೊಂಡು ಹೇಳಿ" ಎಂದು ಬಹಳ ವಿನಯವಾಗಿ ಕೇಳಿದರು.

ಮುದುಕಿ ತನ್ನ ಬೊಚ್ಚುಬಾಯಿ ತೆರೆದು ತೋರಿಸಿದಳು.

"ನಂಗೆಲ್ಲಪ್ಪ ಹಲ್ಲು? ನಾನು ಕುಡ್ದಿದ್ದು ಬರೀ ಸಾರು. ತುಂಡಿನ ಲೆಕ್ಕ ನನ್ ಮಗನ್ನ ಕೇಳು."